ಮಡಿಚಾಕು

ಚಾಕು ನನ್ನ ಸೊಂಟದಿಂದ ಜಾರಿ ನೇರ ಉಪ್ಪಿಟ್ಟಿನ ತಟ್ಟೆಗೆ ಬಿತ್ತು. ಸ್ಟೀಲಿನ ತಟ್ಟೆ. ಸದ್ದು ಅಡುಗೆಮನೆಯವರೆಗೂ ಹೋಯಿತು. ತಟ್ಟೆಯ ಅಂಚಿನಲ್ಲಿದ್ದ ಮಿರ್ಚಿ ಹಾರಿ ಹುಡುಗಿಯ ಅಪ್ಪನ ಪಂಚೆಯ ಮೇಲೆ ಕೂತಿತು. ಪಕ್ಕದಲ್ಲಿದ್ದ ನಮ್ಮವ್ವ ಕಣ್ಣು ಮುಚ್ಚಿಕೊಂಡಳು.

ನಾನು ಹೆಣ್ಣು ನೋಡಲು ಹೋಗಿದ್ದೆ. ಹಡಗಲಿಯಿಂದ ಐದಾರು ಮೈಲಿ ಆಚೆ, ಮಲ್ಲಿಗೆ ತೋಟದವರ ಮನೆ. ಹುಡುಗಿಯ ಹೆಸರು ಚೈತ್ರಾ. ಚಹಾ ಕೊಟ್ಟು ಗೋಡೆಗೆ ಒರಗಿ ನಿಂತಿದ್ದಳು. ಒಂದೇ ಸಲ ತಲೆ ಎತ್ತಿ ನೋಡಿದ್ದಳು, ನನಗೆ ಅಷ್ಟೇ ಸಾಕಾಗಿತ್ತು. ಇದಕ್ಕೂ ಮೊದಲು ನಾಲ್ಕು ಮನೆ ಆಗಿದ್ದವು. ಒಂದು ಮನೆಯವರಿಗೆ ನನ್ನ ಓದು ಸಾಲಲಿಲ್ಲ, ಉಳಿದ ಮೂರು ಮನೆಯವರಿಗೆ ನನ್ನ ಕೆಲಸ. ಒಂಬತ್ತನೇ ಕ್ಲಾಸು ಫೇಲು, ಬೋರಿನಿಂದ ಮೋಟಾರು ಎತ್ತುವ ಕೆಲಸ. ಈ ಹುಡುಗಿ ಪಿಯುಸಿ ಪಾಸು. ಆದರೆ ಇವಳೇ ಆಗಬೇಕು, ಇನ್ನೊಂದು ಮನೆಗೆ ಉಪ್ಪಿಟ್ಟು ತಿನ್ನಲು ನಾನು ಹೋಗುವುದಿಲ್ಲ ಎಂದು ಕೂತಲ್ಲೇ ತೀರ್ಮಾನ ಮಾಡಿದ್ದೆ. ತೀರ್ಮಾನ ಮಾಡಿದ ಖುಷಿಗೆ ಚಹಾದ ಲೋಟ ಕೆಳಗಿಡಲು ಸ್ವಲ್ಪ ಜಾಸ್ತಿಯೇ ಬಗ್ಗಿದೆ. ಚಾಕು ಬಿತ್ತು.

ಹುಡುಗಿಯ ಅಪ್ಪ ಬಸವರಾಜಪ್ಪನವರು ಪಂಚೆಯ ಮೇಲಿನ ಮಿರ್ಚಿಯನ್ನು ಎರಡು ಬೆರಳಲ್ಲಿ ಎತ್ತಿ ತಟ್ಟೆಗಿಟ್ಟರು. ನಿಧಾನವಾಗಿ ಕೇಳಿದರು.

“ಹೆಣ್ಣು ನೋಡಾಕ ಬಂದೀರೋ, ಕುರಿ ಕೊಯ್ಯಾಕ ಬಂದೀರೋ?”

ಅವರದು ತಪ್ಪಲ್ಲ. ಚಾಕು ಮಡಚಿಯೇ ಇತ್ತು, ಆದರೂ ಒಂದು ಗೇಣಿಗಿಂತ ಉದ್ದ. ಬಿಚ್ಚಿದರೆ ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ಅಂಥದ್ದನ್ನು ಹೆಣ್ಣು ನೋಡುವ ದಿನ ಯಾಕೆ ಕಟ್ಟಿಕೊಂಡು ಹೋದೆ ಅಂತ ನೀವೂ ಕೇಳಬಹುದು. ದಿನಾ ಕಟ್ಟಿಕೊಳ್ಳುತ್ತಿದ್ದೆ, ಅವತ್ತೂ ಕಟ್ಟಿಕೊಂಡೆ. ಬೆಲ್ಟು ಹಾಕಿದ ಹಾಗೆ. ಬೇರೆ ಕಾರಣ ಇಲ್ಲ.

ಅದನ್ನು ಕೊಂಡದ್ದು ಕೊಟ್ಟೂರಿನಲ್ಲಿ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿ. ಕುಡುಗೋಲು, ಅಡಕತ್ತರಿ, ಕತ್ತರಿ, ಈಳಿಗೆ ಎಲ್ಲ ಇಟ್ಟಿದ್ದರು. ಬೀಗದ ಕೈ ಗೊಂಚಲಿಗೆ ಹಾಕುವ ಬೆರಳುದ್ದದ ಮಡಚುವ ಚಾಕುಗಳೂ ಇದ್ದವು. ಅಂಗಡಿಯವನು ಅವನ್ನು ಮಡಿಚಾಕು ಮಡಿಚಾಕು ಎಂದು ಒಂದೇ ಉಸಿರಿಗೆ ಕೂಗುತ್ತಿದ್ದ. ಅವುಗಳ ಮೇಲೆ, ತಂತಿಗೆ ಕಟ್ಟಿ, ಇದು ತೂಗುತ್ತಿತ್ತು. ಆ ಸಣ್ಣ ಚಾಕುವಿನಲ್ಲಿ ಏನೇನು ಇತ್ತೋ ಅದೆಲ್ಲ ಇದರಲ್ಲೂ ಇತ್ತು, ಆದರೆ ನಾಲ್ಕು ಪಟ್ಟು. ಕೆಂಪು ಹಿಡಿ, ಹಿತ್ತಾಳೆ ಮೊಳೆ. ಹಿಡಿಯ ಹಿಂದೆ ಸೋಡಾ ಬಾಟಲಿ ಮುಚ್ಚಳ ತೆಗೆಯುವ ಕೊಕ್ಕೆ, ಅದೂ ನಾಲ್ಕು ಪಟ್ಟು. ಅಷ್ಟು ದೊಡ್ಡ ಕೊಕ್ಕೆಗೆ ಯಾವ ಬಾಟಲಿಯೂ ಸಿಕ್ಕುವುದಿಲ್ಲ.

“ಅದೆಷ್ಟಣ್ಣ?” ಎಂದೆ.

“ಅದು ಮಾರಾಕಲ್ಲ ತಮ್ಮ, ತೋರ್ಸಾಕ. ನಮ್ಮಂಗಡಿ ಬೋರ್ಡು ಅದು.”

“ಕೊಯ್ತತೇನು?”

“ಉಕ್ಕು ಅದು, ಕೊಯ್ಲಾರ್ದ ಏನ್ ಮಾಡ್ತತಿ. ಇಟಗೊಳ್ಳೋದು ಎಲ್ಲಿ ಅಂತ ಮೊದ್ಲು ವಿಚಾರ ಮಾಡು.”

ವಿಚಾರ ಮಾಡಲಿಲ್ಲ. ಮೂರು ಸಲ ಹೋಗಿ ಕೇಳಿದೆ. ನಾಲ್ಕನೇ ಸಲ ಅವನೇ ಬೇಸತ್ತು ತಂತಿ ಬಿಚ್ಚಿಕೊಟ್ಟ.

ಈಗ ನ್ಯಾಯವಾಗಿ ತೂಗಿ ನೋಡೋಣ. ಚಾಕನ್ನು ಮಡಚುವುದು ಯಾಕೆ? ಜೇಬಿಗೆ ಹಾಕಲು. ಇದು ಜೇಬಿಗೆ ಹೋಗುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿದರೆ ಪ್ಯಾಂಟು ಒಂದು ಕಡೆ ಇಳಿಯುತ್ತದೆ. ಬೈಕಿನ ಮೇಲೆ ಕೂತರೆ ಪಕ್ಕೆಗೆ ಚುಚ್ಚುತ್ತದೆ. ಈರುಳ್ಳಿ ಹೆಚ್ಚಲು ಹೋದರೆ ಈರುಳ್ಳಿ ಎಲ್ಲಿದೆ ಎಂದು ಹುಡುಕಬೇಕು. ಕೂಡ್ಲಿಗಿ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಸೊಂಟ ನೋಡಿ, “ಇದಕ್ಕೂ ಲಗೇಜು ಟಿಕೀಟು ಹರೀಲೇನಪ್ಪ?” ಎಂದು ಕೇಳಿದ್ದ. ನಮ್ಮ ಮೇಸ್ತ್ರಿ ಹನುಮಂತಪ್ಪನಂತೂ ಬಿಟ್ಟವನೇ ಅಲ್ಲ. ಹರಪನಹಳ್ಳಿಯಲ್ಲಿ ಬೆಳಿಗ್ಗೆ ಗಾಡಿ ಹತ್ತುವಾಗ ದಿನಾ ಒಂದು.

“ಮಂಜ, ನಿನ್ನ ಚಾಕು ಮಡಚಿದ್ರ ಕತ್ತಿ ಆಕ್ಕತಿ, ಬಿಚ್ಚಿದ್ರ ಏಣಿ ಆಕ್ಕತಿ. ಇವತ್ತ ಏಣಿ ತಂದಿಲ್ಲ, ಅದನ್ನ ಗಾಡ್ಯಾಗ ಹಾಕಲೇ.”

ಇದೆಲ್ಲ ಒಂದು ತಟ್ಟೆಗೆ. ಇನ್ನೊಂದು ತಟ್ಟೆಗೆ ಏನು ಹಾಕಲಿ? ಬಿಚ್ಚಿದಾಗ ಅದು ಟಕ್ ಅನ್ನುತ್ತದೆ. ಅಷ್ಟೇ. ಆದರೆ ಆ ಟಕ್ ಕೇಳಿದರೆ ಸುತ್ತ ನಿಂತವರು ತಿರುಗಿ ನೋಡುತ್ತಾರೆ. ಒಂದು ಸಲ ಹಗರಿಬೊಮ್ಮನಹಳ್ಳಿಯಲ್ಲಿ ಕೆಲಸ ಮುಗಿಸಿ ಎಲ್ಲರೂ ಸೇರಿ ಕಲ್ಲಂಗಡಿ ತಂದೆವು. ಮೇಸ್ತ್ರಿಯ ಸಣ್ಣ ಚಾಕು ಹಣ್ಣಿನ ಹೊಟ್ಟೆಯಲ್ಲೇ ಮುಳುಗಿ ಹೋಯಿತು, ತೆಗೆಯುವಷ್ಟರಲ್ಲಿ ಅವನ ಮೊಣಕೈವರೆಗೆ ರಸ. ನಾನು ಟಕ್ ಎಂದು ಬಿಚ್ಚಿ ಇನ್ನೊಂದು ಹಣ್ಣನ್ನು ಒಂದೇ ಏಟಿಗೆ ಎರಡು ಮಾಡಿದೆ. ಪಕ್ಕದ ಹೋಟೆಲಿನಿಂದ ಚಹಾ ಲೋಟ ಹಿಡಿದುಕೊಂಡೇ ಇಬ್ಬರು ನೋಡಲು ಬಂದರು. ಮೇಸ್ತ್ರಿ ತನ್ನ ಹೋಳು ತಿಂದು ಬೀಜ ಉಗಿದ. ಅವತ್ತಿನ ಹಣ್ಣಿನ ರುಚಿ ನನಗೆ ಇನ್ನೂ ನೆನಪಿದೆ.

ಇನ್ನೊಂದು ಇರಬಹುದು. ನಾನು ಬೆಳೆದ ಮನೆಯಲ್ಲಿ ಎಲ್ಲವೂ ಸವೆದದ್ದೇ. ಚಿಗಟೇರಿಯ ನಮ್ಮ ಮನೆಯಲ್ಲಿ ಕಸಬರಿಗೆ ಅಂದರೆ ಹಿಡಿಯಷ್ಟೇ ಉಳಿದದ್ದು. ಅವ್ವನ ಈಳಿಗೆ ಮಸೆದೂ ಮಸೆದೂ ಹಾವಿನ ನಾಲಿಗೆಯಂತಾಗಿತ್ತು. ಅಪ್ಪ ಅಡಿಕೆ ಕತ್ತರಿಸುವ ಚಾಕು ಬೆಂಕಿಕಡ್ಡಿಗಿಂತ ಸ್ವಲ್ಪ ಅಗಲ. ಹೊಸದು ತಾ ಎಂದು ಅವ್ವ ಅಂದರೆ, “ಇದಿನ್ನೂ ಕಡೀತತಿ ತಗಿ” ಎನ್ನುತ್ತಿದ್ದ. ಕಡಿಯುತ್ತಿದ್ದದ್ದು ಅವನ ಬೆರಳು. ಸ್ಕೂಲಿನಲ್ಲಿ ಪೆನ್ಸಿಲ್ ಚೂಪು ಮಾಡಲು ನನಗೆ ಸಿಗುತ್ತಿದ್ದದ್ದು ಅಪ್ಪ ಗಡ್ಡ ಮಾಡಿಕೊಂಡು ಬಿಟ್ಟ ಬ್ಲೇಡು. ಪೂರ್ತಿ ಅಲ್ಲ, ಅರ್ಧ. ಇನ್ನರ್ಧ ಅಣ್ಣನಿಗೆ. ನಾಲ್ಕನೇ ಕ್ಲಾಸಿನಲ್ಲಿ ಆ ಅರ್ಧ ಬ್ಲೇಡಿನಿಂದ ಬೆಂಚಿನ ಮೇಲೆ ನನ್ನ ಹೆಸರು ಕೆತ್ತಲು ಕೂತೆ. ವಾರಪೂರ್ತಿ ಕೆತ್ತಿದೆ, ಒಂದು ‘ಮಂ’ ಆಯಿತು. ಮೇಷ್ಟ್ರು ಬಂದು ನೋಡಿ, ಯಾರದಿದು ಎಂದರು. ಮಂಜುಳಾ ಎಂಬ ಹುಡುಗಿಗೆ ಏಟು ಬಿತ್ತು. ದೊಡ್ಡ ಚಾಕು ಇದ್ದಿದ್ದರೆ ಪೂರ್ತಿ ಹೆಸರು ಬರೆದು ನನ್ನ ಏಟು ನಾನೇ ತಿನ್ನುತ್ತಿದ್ದೆ.

ಇರಲಿ. ಉಪ್ಪಿಟ್ಟಿನ ತಟ್ಟೆಗೆ ಬರುತ್ತೇನೆ.

ಬಸವರಾಜಪ್ಪನವರು ಕುರಿಯ ಮಾತು ಆಡಿ ಮುಗಿಸಿದ್ದರು. ಕಂಬದ ಪಕ್ಕದಲ್ಲಿ ಅವರ ತಾಯಿ ಕೂತಿದ್ದರು, ಹಾಲಮ್ಮಜ್ಜಿ. ಹಲ್ಲಿಲ್ಲ, ಕಿವಿ ಮಂದ. ಸಣ್ಣ ಕಲ್ಲಿನಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದರು. ಕುಟ್ಟುವುದು ನಿಲ್ಲಿಸಿ ಕೇಳಿದರು.

“ಏನ್ ತಮ್ಮ ಅದು ಬಿದ್ದದ್ದು?”

“ಮಡಿಚಾಕು, ಅಜ್ಜಿ.”

“ಮಡಿ... ಚಾಕಾ?”

“ಹೂಂ.”

“ಎಲ್ಲೀದಪ್ಪ?”

“ಕೊಟ್ಟೂರಿಂದ್ರಿ.”

ಅಲ್ಲಿಗೆ ಮುಗಿಯಿತು. ನಮ್ಮ ಕಡೆಯ ಮುದುಕರಿಗೆ ಕೊಟ್ಟೂರಿನಲ್ಲಿ ಅಂಗಡಿ ಇಲ್ಲ, ಬಸ್‌ಸ್ಟ್ಯಾಂಡ್ ಇಲ್ಲ, ಮಂಡಕ್ಕಿ ಭಟ್ಟಿ ಇಲ್ಲ. ಗುಡಿಯ ಸ್ವಾಮಿ ಒಬ್ಬನೇ ಇರುವುದು. ಅಜ್ಜಿ ಕೈ ಊರಿ ಎದ್ದರು. ತಟ್ಟೆಯಿಂದ ಚಾಕು ಎತ್ತಿ, ಅಂಟಿದ್ದ ಉಪ್ಪಿಟ್ಟನ್ನು ಸೆರಗಿನಲ್ಲಿ ಒರೆಸಿ, ಕಣ್ಣಿಗೆ ಒತ್ತಿಕೊಂಡರು. ಸೀದಾ ಒಳಗೆ ಹೋಗಿ ದೇವರ ಜಗಲಿಯ ಮೇಲೆ ಇಟ್ಟು ಬಂದರು.

“ಬಸ್ಯಾ, ಹುಡುಗ ಮಡಿವಂತ ಅದಾನ ನೋಡು. ಸ್ವಾಮೀದು ಮಡಿ ಚಾಕು ಸೊಂಟದಾಗ ಇಟಗೊಂಡು ತಿರುಗ್ತಾನ.”

ಬಸವರಾಜಪ್ಪನವರು ನನ್ನನ್ನು ನೋಡಿದರು. ನಾನು ತಟ್ಟೆ ನೋಡಿದೆ. ಆಗಲೇ ಹೇಳಬೇಕಿತ್ತು. ಬಾಯಿ ಬಿಚ್ಚಿದೆ ಕೂಡ. ಅವ್ವ ತೊಡೆ ಚಿವುಟಿದ ರಭಸಕ್ಕೆ ಮುಚ್ಚಿದೆ.

“ವಿಚಾರ ಮಾಡಿ ತಿಳಿಸ್ತೀವಿ ಬಿಡ್ರಿ” ಎಂದರು ಬಸವರಾಜಪ್ಪನವರು. ಆ ಮಾತನ್ನು ನಾಲ್ಕು ಮನೆಯಲ್ಲಿ ಕೇಳಿದವನು ನಾನು. ಅದರ ಅರ್ಥ ನನಗೆ ಗೊತ್ತು.

ವಾಪಸು ಬಸ್ಸಿನಲ್ಲಿ ಅವ್ವನ ಮೇಲೆ ರೇಗಿದೆ.

“ನನ್ನ ಚಾಕು ಅಲ್ಲೇ ಉಳೀತಲ್ಲಬೇ.”

“ಚಾಕಿನ ಚಿಂತಿ ಐತಿ ಇವಗ. ಮುದುಕಿ ಒಬ್ಬಾಕೀಗೆ ನೀ ಪಸಂದ ಬಂದೀದಿ. ಬಾಯಿ ಬಿಟ್ಟರ ಅದೂ ಹೋಗ್ತತಿ, ಸುಮ್ನ ಕುಂದ್ರು.”

ಸುಮ್ಮನೆ ಕೂತೆ. ದಿನಗಳು ಹೋದವು. ಕೆಲಸದಲ್ಲಿ ಹಗ್ಗ ಕೊಯ್ಯಲು, ಟೇಪು ಹರಿಯಲು ಮುರಿದ ಗರಗಸದ ಬ್ಲೇಡು ಹಿಡಿದೆ. ಕೆಲಸ ಏನೂ ನಿಲ್ಲಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಪ್ಯಾಂಟು ಸೊಂಟದ ಮೇಲೆ ನಿಂತಿತ್ತು. ಪಕ್ಕೆಯ ನೋವು ಹೋಗಿತ್ತು. ಆದರೂ ಬಗ್ಗಿ ಎದ್ದಾಗಲೆಲ್ಲ ಕೈ ಸೊಂಟಕ್ಕೆ ಹೋಗಿ ಬರಿದಾಗಿ ವಾಪಸು ಬರುತ್ತಿತ್ತು. ಮೇಸ್ತ್ರಿ ಅದನ್ನೂ ನೋಡಿದ. “ಏನಲೇ, ಅರ್ಧ ಮಂಜ ಆಗೀಯಲ್ಲ” ಎಂದ.

ಹದಿನೈದನೇ ದಿನವೋ ಏನೋ, ಫೋನು ಬಂತು. ಗೊತ್ತಿಲ್ಲದ ನಂಬರು. ಚೈತ್ರಾ.

“ನಿಮ್ಮ ಚಾಕಿನ ವಿಷಯ ಮಾತಾಡಬೇಕಿತ್ತು” ಎಂದಳು. ನಮಸ್ಕಾರ, ಊಟ ಆಯ್ತಾ, ಏನೂ ಇಲ್ಲ. ನನಗೆ ಹಿಡಿಸಿತು.

“ಹೇಳ್ರಿ.”

“ಅಜ್ಜಿ ದಿನಾ ಅದಕ್ಕ ವಿಭೂತಿ ಹಚ್ತಾಳ. ನಿನ್ನಿ ಮಲ್ಲಿಗಿ ಸರ ಹಾಕ್ಯಾಳ.”

“ಒಳ್ಳೇದಾತು ಬಿಡ್ರಿ.”

“ಏನ್ ಒಳ್ಳೇದು? ಅದರ ಹಿಂದ ಬಾಟ್ಲಿ ತಗಿಯೋ ಕೊಕ್ಕಿ ಐತಿ. ಅಜ್ಜಿ ಅದಕ್ಕ ಕುಂಕುಮ ಇಟ್ಟಾಳ.”

ನನಗೆ ನಗು ಬಂತು. ಅವಳು ನಗಲಿಲ್ಲ.

“ನನಗ ಗೊತ್ತೈತ್ರಿ ಅದು ಮಡಚೋ ಚಾಕು ಅಂತ. ಅಪ್ಪಗೂ ಗೊತ್ತೈತಿ. ಹುಡುಗ ಅವತ್ತ ಖರೇ ಹೇಳ್ತಾನೇನು ಅಂತ ನೋಡಿದ, ನೀವು ಹೇಳ್ಲಿಲ್ಲ. ಅಜ್ಜಿ ಮಾತಿಗೆ ಅವ ಇನ್ನಾ ಇಲ್ಲ ಅಂದಿಲ್ಲ, ಅಷ್ಟ. ಮುದುಕಿಗೆ ಸುಳ್ಳು ಹೇಳಿ ಮಾಡಿಕೊಳ್ಳೋ ಮದ್ವಿ ನನಗ ಬ್ಯಾಡ. ನೀವ ಬಂದು ಹೇಳ್ರಿ. ಆಮ್ಯಾಲೆ ಅಪ್ಪ ಹೂಂ ಅಂದ್ರ ನಂದೂ ಹೂಂ.”

“ಅಜ್ಜಿ ಬೈದ್ರ?”

“ಬೈಸಿಕೊಳ್ರಿ.”

ಫೋನು ಇಟ್ಟಳು. ಮದುವೆಯಾದರೆ ಇವಳನ್ನೇ ಎಂದು ಮೊದಲು ಕಣ್ಣು ಹೇಳಿತ್ತು, ಈಗ ಕಿವಿಯೂ ಹೇಳಿತು.

ಮರುದಿನ ಕೆಲಸಕ್ಕೆ ರಜೆ ಹಾಕಿ ಬೈಕು ಹತ್ತಿದೆ. ದಾರಿಯುದ್ದಕ್ಕೂ ಅಜ್ಜಿಗೆ ಹೇಳುವ ಮಾತನ್ನು ಜೋಡಿಸಿದೆ. ಹಡಗಲಿ ದಾಟುವಷ್ಟರಲ್ಲಿ ಚೆನ್ನಾಗಿ ಜೋಡಿಸಿಕೊಂಡಿದ್ದೆ. ಅವರ ಮನೆ ಮುಂದೆ ಬೈಕು ನಿಲ್ಲಿಸಿದಾಗ ಅಂಗಳದಲ್ಲಿ ಚೈತ್ರಾ ಒಬ್ಬಳೇ ಇದ್ದಳು, ಮುಖ ಸಣ್ಣ ಮಾಡಿಕೊಂಡು.

“ಇವತ್ತ ಬಂದೀರೇನ್ರಿ. ಅಪ್ಪ ತ್ವಾಟದಾಗ ಅದಾನ. ಮೋಟ್ರು ಎತ್ತಾಕ ಹತ್ಯಾರ, ನಿನ್ನಿಯಿಂದ ಸಿಕ್ಕೊಂಡೈತಿ. ಅತ್ಲಾಗ ಮ್ಯಾಲೂ ಬರವಲ್ದು, ಇತ್ಲಾಗ ಕೆಳಗೂ ಇಳೀವಲ್ದು.”

ಮೋಟಾರು ಅಂದಮೇಲೆ ನನ್ನ ಕಾಲು ನಿಲ್ಲುವುದಿಲ್ಲ. ಜೋಡಿಸಿಕೊಂಡ ಮಾತು ಬಿಟ್ಟು ತೋಟಕ್ಕೆ ಹೋದೆ. ಮನೆಯ ಹಿಂದೆಯೇ, ಕೂಗಿದರೆ ಕೇಳುವಷ್ಟು ದೂರ.

ಹಳೆಯ ಬೋರು, ಸಣ್ಣ ಬಾಯಿ. ಮೂರು ಕಾಲಿನ ಸ್ಟ್ಯಾಂಡಿನಿಂದ ಚೈನು ಇಳಿದಿತ್ತು, ಚೈನಿಗೆ ಪೈಪು. ಮೋಟಾರಿಗೆ ಕಟ್ಟಿದ್ದ ಹಳೇ ಹಗ್ಗ ಹರಿದು, ಅದರ ಸುರುಳಿ ಬೋರಿನ ಬಾಯಿಂದ ಒಂದು ಗೇಣು ಕೆಳಗೆ, ಪೈಪಿನ ಪಕ್ಕದಲ್ಲಿ ಬೆಣೆ ಹೊಡೆದಂತೆ ಕೂತುಬಿಟ್ಟಿತ್ತು. ಪೈಪು, ಕೇಬಲ್ಲು ಬಿಟ್ಟು ಉಳಿದ ಸಂದಿ ಮೂರು ಬೆರಳು. ಕೈ ಹೋಗುವುದಿಲ್ಲ. ಸಣ್ಣ ಚಾಕು ಮುಟ್ಟುವುದಿಲ್ಲ. ಕುಡುಗೋಲು ಕೋಲಿಗೆ ಕಟ್ಟಿ ನೋಡಿದ್ದರು, ಬಾಗಿದ ಅಲಗು ಒಳಗೆ ಇಳಿದಿರಲಿಲ್ಲ. ಗರಗಸದ ಬ್ಲೇಡು ಬಾಗಿ ಮುರಿದಿತ್ತು. ಪೈಪು ಹಿಡಿದಿದ್ದ ಕ್ಲ್ಯಾಂಪು ನೋಡಿದೆ. ಜಾರುತ್ತಿತ್ತು. ಒಂದೊಂದೇ ನೂಲಿನಷ್ಟು, ಆದರೂ ಜಾರುತ್ತಿತ್ತು.

“ಜಗ್ಗಿಬಿಡೂಣ್ರಿ, ಆದದ್ದಾಗ್ಲಿ” ಎಂದ ಹಡಗಲಿಯಿಂದ ಬಂದಿದ್ದ ಮೇಸ್ತ್ರಿ.

“ಜಗ್ಗಿದ್ರ ಪೈಪು ಹರೀತತಿ” ಎಂದೆ. “ಮೋಟ್ರು ತಳಕ್ಕ ಹೋಗಿ ಕುಂತ್ರ ಬೋರೂ ಹೋತು, ಮೋಟ್ರೂ ಹೋತು.”

ಬಸವರಾಜಪ್ಪನವರು ತಿರುಗಿದರು. ಸುತ್ತ ಮಲ್ಲಿಗೆ ಗಿಡಗಳು ಬಾಡಿ ನಿಂತಿದ್ದವು. ಅವರ ಮುಖವೂ ಹಾಗೇ ಇತ್ತು.

“ನೀ ಆದ್ರ ಏನ್ ಮಾಡ್ತಿ?”

“ಕೊಯ್ದು ತಗಿತೀನ್ರಿ. ನನ್ನ ಚಾಕು ಬೇಕು.”

“ನಿನ್ನ ಚಾಕು ದೇವ್ರಾಗೇತಿ. ಹೋಗಿ ಬೇಡಿಕೊ.”

ಓಡಿದೆ. ಅಜ್ಜಿ ದೇವರ ಜಗಲಿಯ ಮುಂದೆಯೇ ಕೂತಿದ್ದರು. ಚಾಕು ಅಲ್ಲೇ ಇತ್ತು, ಮೂರು ಬೆರಳು ವಿಭೂತಿ, ಕೊಕ್ಕೆಗೆ ಕುಂಕುಮ. ಕೈ ಚಾಚಿದೆ. ಅಜ್ಜಿ ನನ್ನ ಕೈಗೆ ಚಟ್ ಎಂದು ಹೊಡೆದರು.

“ಸ್ನಾನ ಆತೇನು?”

“ಬೆಳಿಗ್ಗಿ ಆಗೇತ್ರಿ.”

“ಬೈಕಿನ ಮ್ಯಾಲೆ ಬಂದಿ, ಬೋರಿನ ಕೆಸರು ತುಳದಿ. ಮಡಿ ಚಾಕು ಹಂಗ ಮುಟ್ಟತಾರೇನು? ಹೋಗು, ನೀರು ಹಾಕ್ಕೊಂಡು ಬಾ.”

ದಾರಿಯಲ್ಲಿ ಜೋಡಿಸಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. ಮಂದ ಕಿವಿಗೆ ಕೇಳಲಿ ಎಂದು ಕೂಗಿಯೇ ಹೇಳಿದೆ.

“ಅಜ್ಜಿ, ಅದು ಮಡಿ ಚಾಕಲ್ಲ. ಮಡಚೋ ಚಾಕು. ಕೊಟ್ಟೂರು ಬಸ್‌ಸ್ಟ್ಯಾಂಡಿನ ಅಂಗಡ್ಯಾಗ ತಗೊಂಡದ್ದು. ಸ್ವಾಮೀದಲ್ಲ, ನಂದು. ಹಿಂದಿಂದು ಸೋಡಾ ಬಾಟ್ಲಿ ತಗಿಯೋದು. ಅವತ್ತ ಹೇಳ್ಲಿಲ್ಲ, ತಪ್ಪಾತು. ಈಗ ಕೊಡ್ರಿ, ಮೋಟ್ರು ಬೀಳ್ತತಿ.”

ಬಾಗಿಲಲ್ಲಿ ಚೈತ್ರಾ ಬಂದು ನಿಂತಿದ್ದು ಗೊತ್ತಾಯಿತು. ತಿರುಗಲಿಲ್ಲ. ಅಜ್ಜಿ ಚಾಕನ್ನೂ ನೋಡಿದರು, ನನ್ನನ್ನೂ ನೋಡಿದರು.

“ಅವತ್ತ ಯಾಕ ಹೇಳ್ಲಿಲ್ಲ?”

“ಮದ್ವಿ ತಪ್ತತಿ ಅಂತ.”

“ಈಗ ತಪ್ಪಂಗಿಲ್ಲೇನು?”

“ತಪ್ಪಿದ್ರ ತಪ್ಪಲಿ ಅಜ್ಜಿ, ಮೋಟ್ರು ಉಳೀಲಿ.”

ಅಜ್ಜಿ ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

“ಅಂಗಡ್ಯಾಗಿಂದು ಇರವಲ್ದ್ಯಾಕ. ಇಷ್ಟು ದಿನ ವಿಭೂತಿ ಹಚ್ಚೀನಿ, ಹೂವ ಏರಿಸೀನಿ. ಅದು ಏನಾಗಿತ್ತೋ ನನಗ ಬ್ಯಾಡ, ಈಗ ಮಡಿ ಐತಿ. ಚೈತ್ರಾ, ಇವನ ತಲಿ ಮ್ಯಾಲೆ ಎರಡು ತಂಬಿಗಿ ಸುರುವು. ಆಮ್ಯಾಲೆ ತಗೊಂಡು ಓಡ್ಲಿ.”

ಬಾಗಿಲ ಹೊರಗೆ ನಿಂತೆ, ಶರ್ಟು ಪ್ಯಾಂಟು ಸಮೇತ. ಬೋರು ಕೆಟ್ಟ ಮನೆ, ಕೊಡದಲ್ಲಿ ಕುಡಿಯುವ ನೀರಷ್ಟೇ ಇತ್ತು. ಅದರಲ್ಲೇ ಎರಡು ತಂಬಿಗೆ ಸುರಿದಳು. ಎರಡನೆಯದನ್ನು ನಿಧಾನ ಸುರಿದಳು, ಅವಸರದಲ್ಲೂ ನನಗೆ ಅದು ತಿಳಿಯಿತು.

“ಓಡ್ರಿ” ಎಂದಳು.

ಚಾಕುವಿನ ಕೊಕ್ಕೆಗೆ ಒಂದು ದಾರ ಕಟ್ಟಿ ಇನ್ನೊಂದು ತುದಿಯನ್ನು ಮುಂಗೈಗೆ ಬಿಗಿದುಕೊಂಡೆ. ಕೈ ಜಾರಿ ಚಾಕು ಬೋರಿಗೆ ಬಿದ್ದರೆ ನಾನೂ ಅದರ ಹಿಂದೆ ಬೀಳಬೇಕು. ಆ ಕೊಕ್ಕೆಯಿಂದ ಮೊದಲ ಸಲ ಒಂದು ಉಪಯೋಗ ಆಯಿತು. ಟಕ್ ಎಂದು ಬಿಚ್ಚಿದೆ. ಹೊಟ್ಟೆಯ ಮೇಲೆ ಮಲಗಿ, ಹಿಡಿಯ ತುದಿಯನ್ನು ಮೂರು ಬೆರಳಲ್ಲಿ ಹಿಡಿದು ಸಂದಿಗೆ ಇಳಿಸಿದೆ. ನೆಟ್ಟಗೆ ಇಳಿಯಿತು. ಅಲಗು ಹಗ್ಗಕ್ಕೆ ತಾಗಿತು. ಕೇಬಲ್ಲಿಗೆ ತಾಗದ ಹಾಗೆ ತಿರುಗಿಸಿ ಎಳೆದೆ. ನೈಲಾನು ಹಗ್ಗ, ನೆನೆದು ಕಲ್ಲಾಗಿತ್ತು. ಎಳೆದೆ, ಒತ್ತಿದೆ, ಎಳೆದೆ. ಒಂದು ಎಳೆ ಹರಿಯಿತು. ಆಮೇಲೆ ಇನ್ನೊಂದು. ಹರಿದ ಚೂರನ್ನು ಹಡಗಲಿಯ ಮೇಸ್ತ್ರಿ ತಂತಿಯ ಕೊಕ್ಕೆಯಿಂದ ಮೇಲಕ್ಕೆ ತೆಗೆದ. ಹೀಗೆ ಏಳೆಂಟು ಚೂರು. ಕೊನೆಯದು ಬಂದಾಗ ಪೈಪು ತಾನೇ ಒಂದು ಸಲ ಅಲುಗಾಡಿತು. ಎದ್ದು ಕ್ಲ್ಯಾಂಪು ಬಿಗಿದೆ.

“ಈಗ ಜಗ್ರಿ.”

ಬಂತು. ಒಂದು ಪೈಪು, ಎರಡು ಪೈಪು, ಬಿಚ್ಚುತ್ತಾ ಬಿಚ್ಚುತ್ತಾ ಕೊನೆಗೆ ಮೋಟಾರು ಬಿಸಿಲಿಗೆ ಬಂತು, ಕೆಸರು ಸುರಿಸುತ್ತಾ, ಆಗಷ್ಟೇ ಹುಟ್ಟಿದ ಕರುವಿನ ಹಾಗೆ. ಹಡಗಲಿಯ ಮೇಸ್ತ್ರಿ ಮೋಟಾರು ನೋಡಲಿಲ್ಲ. ನನ್ನ ಕೈ ನೋಡಿದ.

“ಎಲ್ಲಿ ಸಿಗ್ತತಿ ಅಣ್ಣ ಇದು?”

“ಇನ್ನ ಸಿಗಂಗಿಲ್ಲ. ಒಂದ ಇತ್ತು” ಎಂದೆ. ಅದನ್ನು ಹೇಳುವಾಗ ನನಗಾದ ಸುಖ ನಿಮಗೆ ಹೇಗೆ ಹೇಳಲಿ. ಗಾಡಿ ಹತ್ತುವಾಗ ಕೇಳಿದ ಕತ್ತಿ, ಏಣಿ, ಬಸ್ಸಿನಲ್ಲಿ ಕೇಳಿದ ಲಗೇಜು ಎಲ್ಲ ಆ ಒಂದು ಮಾತಿಗೆ ಚುಕ್ತಾ ಆಯಿತು. ದೊಡ್ಡದು ಯಾಕೆ ಬೇಕು ಎಂದು ಇನ್ನು ಯಾರಾದರೂ ಕೇಳಲಿ.

ಬಸವರಾಜಪ್ಪನವರು ಕೈ ತೊಳೆದು ಪಂಚೆಗೆ ಒರೆಸಿಕೊಂಡು ಹತ್ತಿರ ಬಂದರು. ಮನೆಯ ಹಿಂಬಾಗಿಲಲ್ಲಿ ಅಜ್ಜಿ, ಚೈತ್ರಾ ಇಬ್ಬರೂ ನಿಂತಿದ್ದರು.

“ಅವ್ವಗ ಖರೇ ಹೇಳ್ದಿ ಅಂತ.”

“ಹೇಳ್ದೆನ್ರಿ.”

“ನೀ ಕೂಗಿದ್ದು ಇಲ್ಲೀಮಟ ಕೇಳಿಸ್ತು ಬಿಡು. ಎಲ್ಲಿ, ತೋರ್ಸು ಅದನ್ನ.”

ಚಾಕು ಒರೆಸಿದೆ, ಮಡಚಿದೆ, ಅವರ ಕಡೆ ಚಾಚಿದೆ. ಅವರು ಎರಡೂ ಕೈ ಹಿಂದಕ್ಕೆ ಎಳೆದುಕೊಂಡರು.

“ಕೈಯಾಗ ಕೊಡಬ್ಯಾಡ. ಕೆಳಗಿಡು.”

“ಯಾಕ್ರಿ?”

“ಚಾಕು ಕೈಯಿಂದ ಕೈಗೆ ಕೊಟ್ರ ಜಗಳ ಬರ್ತತಿ. ಊರಾಗ ಬ್ಯಾರೆ ಯಾರ ಕೂಡರ ಆಗ್ಲಿ, ಅಳಿಯನ ಕೂಡ ಜಗಳ ನನಗ ಬ್ಯಾಡ.”

ಬಗ್ಗಿ ಚಾಕನ್ನು ನೆಲಕ್ಕಿಟ್ಟೆ. ಅವರು ಎತ್ತಿಕೊಂಡರು. ಇಷ್ಟೇ. ಇದರ ಮೇಲೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.